ಅಮ್ಮ ಒಮ್ಮೆ ಒತ್ತಿದರೆ ಆರದ ದೀಪ: ಕಡಿಮೆ ಖರ್ಚಿನ ಲ್ಯಾಚಿಂಗ್ ಸ್ವಿಚ್ ಮಾಡುವ ಬಗೆ

ಮುಂಬೈ ಮುಲುಂಡ್‌ನ ನಮ್ಮ ಮನೆಯಲ್ಲಿ ಅಮ್ಮನ ಕೋಣೆ ಒಂದು ತುದಿಗೆ, ಅಡುಗೆಮನೆ ಇನ್ನೊಂದು ತುದಿಗೆ. ಮಂಚದ ಪಕ್ಕ ಬೆಲ್ ಹಾಕಿಸಿದ್ದೆ. ಮಿಕ್ಸರ್ ತಿರುಗುತ್ತಿದ್ದರೆ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. "ಆಗಿನಿಂದ ಒತ್ತುತ್ತಾ ಇದ್ದೇನೆ ಮಗಾ, ಯಾರೂ ಬರ್ಲಿಲ್ಲ" ಅಂತ ಅಮ್ಮ ಒಂದು ದಿನ ಹೇಳಿದಾಗ ತುಂಬಾ ಬೇಜಾರಾಯಿತು.

ಬೆರಳು ತೆಗೆದ ತಕ್ಷಣ ಬೆಲ್ ಮರೆತುಬಿಡುತ್ತದೆ. ನಮಗೆ ಬೇಕಾದದ್ದು ಒಮ್ಮೆ ಒತ್ತಿದ್ದನ್ನು ನೆನಪಿಟ್ಟುಕೊಂಡು ಅಡುಗೆಮನೆಯಲ್ಲಿ ದೀಪ ಉರಿಸುತ್ತಲೇ ಇರುವ ಸ್ವಿಚ್. ಅದೇ ಲ್ಯಾಚಿಂಗ್.

ಮಾಮೂಲಿ ಗೋಡೆ ಸ್ವಿಚ್ ಸಾಕಲ್ವಾ ಅಂತ ಕೇಳಬಹುದು. ಒತ್ತಿದರೆ ಒಳಗೆ ಕೂರುವ, ಮತ್ತೆ ಒತ್ತಿದರೆ ಹೊರಗೆ ಬರುವ ಬಟನ್ ಕೂಡ ಸಿಗುತ್ತದೆ. ನಾನು ಮೊದಲು ಅದನ್ನೇ ಹಾಕಿದೆ. ಆದರೆ ಅಮ್ಮನ ಕೈ ನಡುಗುತ್ತದೆ, ಗಾಬರಿಯಲ್ಲಿ ಎರಡು ಸಲ ಒತ್ತಿದರೆ ದೀಪ ಹೊತ್ತಿ ಆರಿಹೋಗುತ್ತದೆ, ಒತ್ತಿದ್ದೇನೆ ಎಂದು ಅವರು ನಂಬಿ ಕಾಯುತ್ತಿರುತ್ತಾರೆ. ಹಾಗಾಗಿ ಆನ್‌ಗೆ ಒಂದು ಹಸಿರು ಬಟನ್, ಆಫ್‌ಗೆ ಬೇರೆಯೇ ಕೆಂಪು ಬಟನ್ ಇರಬೇಕು. ಹಸಿರನ್ನು ಹತ್ತು ಸಲ ಒತ್ತಿದರೂ ದೀಪ ಉರಿಯುತ್ತಲೇ ಇರಬೇಕು. ಊರಲ್ಲಿ ಬಾವಿ ಪಂಪಿನ ಸ್ಟಾರ್ಟರ್ ನೋಡಿದ್ದೀರಲ್ಲ, ಹಸಿರು ಒತ್ತಿದರೆ ಟಕ್ ಅಂತ ಹಿಡಿದುಕೊಳ್ಳುತ್ತದೆ, ಕೆಂಪು ಒತ್ತಿದರೆ ಬಿಡುತ್ತದೆ. ಅದೇ ಉಪಾಯ, 12 ವೋಲ್ಟ್‌ನಲ್ಲಿ.

ಸಾಮಾನು ತರಲು ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಬೇಕಾದದ್ದು ಇಷ್ಟೇ: ಐದು ಕಾಲಿನ 12 ವೋಲ್ಟ್ ರಿಲೇ (ಒಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ, ಕರೆಂಟ್ ಕೊಟ್ಟರೆ ತಾನೇ ಎಳೆದುಕೊಳ್ಳುವ ಸ್ವಿಚ್) ಒಂದು, 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು) ಒಂದು, ಹಸಿರು ಎನ್‌ಓ ಬಟನ್, ಕೆಂಪು ಎನ್‌ಸಿ ಬಟನ್, ಎಲ್‌ಇಡಿ ಮತ್ತು ಅದಕ್ಕೆ 1 ಕಿಲೋ ಓಮ್ ರೆಸಿಸ್ಟರ್, ಬೆಲ್ ವೈರ್. ಎನ್‌ಓ ಅಂದರೆ ಒತ್ತಿದಾಗ ಮಾತ್ರ ಸೇರುವುದು, ಎನ್‌ಸಿ ಅಂದರೆ ಒತ್ತಿದಾಗ ಮಾತ್ರ ಬಿಡುವುದು. ಬಟನ್‌ಗಳು ಪ್ಯಾನೆಲ್‌ಗೆ ಹಾಕುವ 22 ಮಿಲಿಮೀಟರಿನವೇ ಇರಲಿ, ವಯಸ್ಸಾದವರ ಬೆರಳಿಗೆ ಸಣ್ಣ ಬಟನ್ ಸಿಗುವುದಿಲ್ಲ. 12 ವೋಲ್ಟ್ ಅಡಾಪ್ಟರ್ ಮನೆಯಲ್ಲೇ ಇತ್ತು. ಉಳಿದದ್ದಕ್ಕೆ ನನಗೆ 400 ರೂಪಾಯಿಯ ಒಳಗೇ ಆಯಿತು.

ಮೊದಲು ರಿಲೇಯ ಕಾಲು ಗುರುತಿಸಿ. ಒಂದು ಕಡೆ ಮೂರು ಕಾಲಿರುತ್ತವೆ: ಎರಡು ಅಂಚಿನವು ಕಾಯಿಲ್, ನಡುವಿನದು ಕಾಮನ್, ಅಂದರೆ ಎನ್‌ಓ, ಎನ್‌ಸಿ ಎರಡಕ್ಕೂ ಸೇರಿದ ಕಾಲು. ಎದುರು ಕಡೆಯ ಎರಡು ಎನ್‌ಓ ಮತ್ತು ಎನ್‌ಸಿ. ಸುಮ್ನೆ ಊಹಿಸಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ. ಕಾಯಿಲ್ ಸುಮಾರು 400 ಓಮ್ ತೋರಿಸುತ್ತದೆ. ಕರೆಂಟ್ ಕೊಡದೆ ಕಾಮನ್ ಜೊತೆ ಬೀಪ್ ಅನ್ನುವ ಕಾಲು ಎನ್‌ಸಿ, ಅದು ನಮಗೆ ಬೇಡ. ಇನ್ನೊಂದು ಎನ್‌ಓ.

ಈಗ ಜೋಡಣೆ. ಅಡಾಪ್ಟರಿನ ಪ್ಲಸ್ ಕೆಂಪು ಬಟನ್‌ಗೆ ಹೋಗಲಿ. ಅದರ ಇನ್ನೊಂದು ಕಡೆಯಿಂದ ಎರಡು ವೈರ್ ಎಳೆಯಿರಿ, ಒಂದು ಹಸಿರು ಬಟನ್‌ಗೆ, ಒಂದು ರಿಲೇಯ ಕಾಮನ್‌ಗೆ. ಹಸಿರಿನ ಆಚೆ ತುದಿ ಮತ್ತು ರಿಲೇಯ ಎನ್‌ಓ ಕಾಲು, ಎರಡನ್ನೂ ಒಂದೇ ಕಡೆ ಸೇರಿಸಿ. ಈ ಜಾಗವೇ ಇಡೀ ಕೆಲಸದ ಪ್ರಾಣ. ಇಲ್ಲಿಂದ ಒಂದು ವೈರ್ ಕಾಯಿಲ್‌ಗೆ, ಇನ್ನೊಂದು ರೆಸಿಸ್ಟರ್ ದಾಟಿ ಎಲ್‌ಇಡಿಗೆ. ಕಾಯಿಲ್ ಮತ್ತು ಎಲ್‌ಇಡಿಯ ಉಳಿದ ತುದಿ ಮೈನಸ್‌ಗೆ. ಹಸಿರು ಒತ್ತಿದಾಗ ರಿಲೇ ಎಳೆಯುತ್ತದೆ, ಎಳೆದದ್ದೇ ತಡ ಅದರ ಕಾಂಟ್ಯಾಕ್ಟ್ ಕಾಯಿಲ್‌ಗೆ ಕರೆಂಟ್ ಕೊಡತೊಡಗುತ್ತದೆ, ಆಮೇಲೆ ನೀವು ಬೆರಳು ತೆಗೆದರೂ ರಿಲೇ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಕೆಂಪು ಒತ್ತಿದರೆ ಪ್ಲಸ್ ದಾರಿಯೇ ತುಂಡು, ಎಲ್ಲ ಬಿಡುತ್ತದೆ. ಉರಿಯುವಾಗ ರಿಲೇಗೆ 30, ಎಲ್‌ಇಡಿಗೆ 10 ಮಿಲಿಆಂಪ್. ಆರಿದ್ದಾಗ ಈ ಜೋಡಣೆ ಏನೂ ಎಳೆಯುವುದಿಲ್ಲ.

ಡಯೋಡ್ ಮರೆಯಬೇಡಿ. ನಾನು ಮರೆತು ಮೊದಲ ಎಲ್‌ಇಡಿ ಕಳೆದುಕೊಂಡೆ. ಕಾಯಿಲ್‌ನ ಕರೆಂಟ್ ದಿಢೀರ್ ನಿಂತಾಗ ಅದು ಉಲ್ಟಾ ದಿಕ್ಕಿನಲ್ಲಿ ಜೋರು ವೋಲ್ಟೇಜ್ ಒದೆಯುತ್ತದೆ, ಪಕ್ಕದಲ್ಲಿರುವ ಎಲ್‌ಇಡಿ ಅದನ್ನು ತಾಳುವುದಿಲ್ಲ. ಡಯೋಡನ್ನು ಕಾಯಿಲ್‌ನ ಎರಡು ತುದಿಗೆ ಸೇರಿಸಿ, ಬಿಳಿ ಪಟ್ಟಿ ಇರುವ ಕಡೆ ಪ್ಲಸ್ ಬದಿಗೆ. ತಿರುಗಿಸಿ ಹಾಕಿದರೆ ಹಸಿರು ಒತ್ತಿದ ಕೂಡಲೇ ಅಡಾಪ್ಟರ್ ಶಾರ್ಟ್ ಆಗುತ್ತದೆ.

ಪ್ಲಗ್ ಹಾಕಿದ ಕೂಡಲೇ ರಿಲೇ ಟರ್ರ್ ಅಂತ ಸದ್ದು ಮಾಡಿದರೆ ಎನ್‌ಓ ಬದಲು ಎನ್‌ಸಿ ಕಾಲು ಹಿಡಿದಿದ್ದೀರಿ. ಬೆರಳು ತೆಗೆದ ಕೂಡಲೇ ದೀಪ ಆರಿದರೆ ಎನ್‌ಓ ಅಥವಾ ಕಾಮನ್ ಕಾಲಿನ ಸೋಲ್ಡರ್ ಸರಿ ಕೂತಿಲ್ಲ.

ಇನ್ನು, ಕರೆಂಟ್ ಹೋಗಿ ಬಂದರೆ? ಈ ರಿಲೇ ಮರೆಯುತ್ತದೆ, ಆಫ್ ಆಗಿಯೇ ಇರುತ್ತದೆ. ಹೋಟೆಲಿನ ಗ್ರೈಂಡರಿಗೆ ಇದೇ ಸರಿ: ಕರೆಂಟ್ ಹೋದಾಗ ಯಾರೋ ಹಿಟ್ಟು ತೆಗೆಯಲು ಕೈ ಹಾಕಿರುತ್ತಾರೆ, ಬಂದ ತಕ್ಷಣ ತಾನಾಗಿ ತಿರುಗಿದರೆ ಗತಿಯೇನು? ಅಮ್ಮನ ದೀಪಕ್ಕೆ ಮಾತ್ರ ಮರೆವು ಆಗದು. ವೈಫೈ ರೌಟರಿಗೆ ಇಡುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದೆಯಲ್ಲ, ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವುದು, ಅದನ್ನು ಅಡಾಪ್ಟರ್ ಮತ್ತು ಈ ಜೋಡಣೆಯ ನಡುವೆ ಹಾಕಿದೆ. ನೀವು ಏನೇ ಮಾಡುವುದಿದ್ದರೂ ಸಾಮಾನು ತರುವ ಮೊದಲೇ ಈ ಪ್ರಶ್ನೆ ಕೇಳಿಕೊಳ್ಳಿ. ಹಾಂ, ಗ್ರೈಂಡರ್, ಪಂಪ್ ಇಂಥ 230 ವೋಲ್ಟಿನ ಕೆಲಸಕ್ಕೆ ಈ ಜೋಡಣೆ ಬೇಡವೇ ಬೇಡ. ರೆಡಿ ಸ್ಟಾರ್ಟರ್ ತಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.

ಎನ್‌ಸಿ ಬಟನ್ ಸಿಗದಿದ್ದರೆ 555 ಎಂಬ ಎಂಟು ಕಾಲಿನ ಟೈಮರ್ ಚಿಪ್‌ನಲ್ಲೂ (ಐಸಿ) ಆಗುತ್ತದೆ. 8ನೇ ಕಾಲು ಪ್ಲಸ್‌ಗೆ, 1 ಮತ್ತು 6 ಮೈನಸ್‌ಗೆ. 2 ಮತ್ತು 4ನೇ ಕಾಲನ್ನು ತಲಾ 10 ಕಿಲೋ ಓಮ್ ಮೂಲಕ ಪ್ಲಸ್‌ಗೆ ಎಳೆದು, 2ರಿಂದ ಮೈನಸ್‌ಗೆ ಕರೆಯುವ ಬಟನ್, 4ರಿಂದ ಮೈನಸ್‌ಗೆ ಆರಿಸುವ ಬಟನ್, ಎರಡೂ ಎನ್‌ಓ. 3ನೇ ಕಾಲಿನಿಂದ ರೆಸಿಸ್ಟರ್, ಎಲ್‌ಇಡಿ. 4ನೇ ಕಾಲಿನಿಂದ ಮೈನಸ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಪ್ಲಗ್ ಹಾಕಿದಾಗ ಆಫ್‌ನಲ್ಲೇ ಶುರುವಾಗುತ್ತದೆ. ಆದರೂ ಉದ್ದದ ವೈರ್ ಇರುವ ಕಡೆ ನನಗೆ ರಿಲೇಯೇ ಇಷ್ಟ. ಪಕ್ಕದ ಮೈನ್ಸ್ ವೈರಿನ ಗದ್ದಲಕ್ಕೆ ಅದು ಹೆದರುವುದಿಲ್ಲ.

ಕೊನೆಗೆ ಬಟನ್‌ಗಳ ಜಾಗ. ಹಸಿರನ್ನು ಅಮ್ಮ ಮಲಗಿದಲ್ಲೇ ಕೈಗೆ ಸಿಗುವಂತೆ ಮಂಚದ ಪಟ್ಟಿಗೆ ಕಟ್ಟಿದೆ. ಕೆಂಪನ್ನು ಅಡುಗೆಮನೆಯಲ್ಲಿ ಇಡಲಿಲ್ಲ, ಅಲ್ಲಿದ್ದರೆ ಬಂದೆ ಬಂದೆ ಅನ್ನುತ್ತಾ ಆರಿಸಿ ಮತ್ತೆ ಕೆಲಸಕ್ಕೆ ಇಳಿಯುತ್ತೇವೆ. ಅದು ಅಮ್ಮನ ಕಾಲ ಬುಡದ ಗೋಡೆಯಲ್ಲಿದೆ. ದೀಪ ಆರಿಸಬೇಕಾದರೆ ಅವರ ಕೋಣೆಗೇ ಹೋಗಬೇಕು.