ಹಗಲು ನಿದ್ದೆ ಅರ್ಧ ಗಂಟೆಗೇ ಮುಗಿಯುತ್ತಿದ್ದರೆ
ಕೂಸಿನ ನಿದ್ದೆಯ ಒಂದು ಸುತ್ತು ಸುಮಾರು 40–50 ನಿಮಿಷ. ಅದು ಮುಗಿಯುವಾಗ ನಿದ್ದೆ ತೆಳುವಾಗುತ್ತದೆ. ಆಗಲೇ ಬೀದಿಯಲ್ಲಿ ತರಕಾರಿ ಗಾಡಿಯ ಮೈಕು ಕೂಗಿದರೆ, ಕುಕ್ಕರ್ ಸೀಟಿ ಹೊಡೆದರೆ ಎದ್ದೇಬಿಡುತ್ತದೆ. ಬೆಂಗಳೂರಿನ ಮನೆಗಳಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆಯಿರಿ. ಫ್ಯಾನಿನ ಸದ್ದು ಒಂದೇ ಸಮನೆ ಇರಲಿ.

5–6 ತಿಂಗಳ ಕೂಸನ್ನು ಎದ್ದ 2–2.5 ಗಂಟೆಯೊಳಗೆ ಮಲಗಿಸಿ. ಅಳುವವರೆಗೆ ಕಾದರೆ ದಣಿವು ಮೀರಿ ನಿದ್ದೆ ಇನ್ನೂ ಮೊಟಕಾಗುತ್ತದೆ.

ತೂಗಿಯೇ ಮಲಗಿಸಿದ ಮಗು ಎಚ್ಚರವಾದಾಗ ಮತ್ತೆ ತೂಗುವುದನ್ನೇ ಬಯಸುತ್ತದೆ, ಜೋಲಿಯ ತೊಡಕೇ ಇದು. ಮಂಪರು ಹತ್ತಿದೊಡನೆ ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ದಿಂಬು, ಸಡಿಲ ಹೊದಿಕೆ ಖಂಡಿತ ಬೇಡ. 30ನೇ ನಿಮಿಷಕ್ಕೆ ಪಕ್ಕದಲ್ಲಿ ಕೂತು, ಮಿಸುಕಿದರೆ ಎತ್ತಿಕೊಳ್ಳದೆ ಎದೆಯ ಮೇಲೆ ಹಗುರಾಗಿ ಕೈಯಿಡಿ. 4 ತಿಂಗಳೊಳಗಿನ ಕೂಸಿಗೆ ಚಿಕ್ಕ ನಿದ್ದೆ ಸಹಜ.