ಜಾಗ ನೋಡಲು ಚಳಿಗಾಲದಲ್ಲೇ ಹೋದೆವು

ಬೆಟ್ಟದ ಮೇಲೆ ಜಮೀನು ಹುಡುಕುವವರು ಸಾಮಾನ್ಯವಾಗಿ ಹವೆ ಹಿತವಾಗಿರುವಾಗ ಹೋಗುತ್ತಾರೆ. ಆಗ ಎಲ್ಲ ಜಾಗವೂ ಚೆಂದವೇ. ನಾವಿಬ್ಬರೂ ಚಳಿ ಜೋರಾಗಿದ್ದಾಗಲೇ ಹೋದೆವು. ತರಕಾರಿ ಬೆಳೆದುಕೊಂಡು, ಹಸು ಕೋಳಿ ಸಾಕಿಕೊಂಡು ವರ್ಷವಿಡೀ ಇರಬೇಕಾದ ಜಾಗ. ಅದರ ಕಷ್ಟ ಮೊದಲೇ ಗೊತ್ತಾಗಬೇಕಲ್ವಾ?

ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಗೊತ್ತಿತ್ತು. ಆದರೆ ಒಂದೇ ಜಮೀನಿನೊಳಗೂ ಚಳಿ ಒಂದೇ ಥರ ಇರುವುದಿಲ್ಲ. ತಣ್ಣನೆಯ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಲ್ಲಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ರಾತ್ರಿಯ ಕನಿಷ್ಠ ಉಷ್ಣಾಂಶ ತೋರಿಸುವ ಥರ್ಮಾಮೀಟರನ್ನು ತಗ್ಗಿನಲ್ಲೊಂದು, ಇಳಿಜಾರಿನ ನಡುವೆ ಒಂದು ಇಟ್ಟೆವು. ಬೆಳಿಗ್ಗೆ ಕೆಳಗೆ ಹುಲ್ಲಿನ ಎಸಳು ಎಸಳಿನ ಮೇಲೂ ಬಿಳಿ ಹರಳು, ಕಾಲಿಟ್ಟರೆ ಪರಪರ ಸದ್ದು. ಮೇಲಿನ ಹುಲ್ಲು ಬರೀ ಒದ್ದೆ. ಒಳ್ಳೆ ಮಣ್ಣು ಇದ್ದದ್ದು ಕೆಳಗೇ. ಆದರೂ ತರಕಾರಿ ಮಡಿ ಮೇಲೆಯೇ ಎಂದು ಗಟ್ಟಿ ಮಾಡಿಕೊಂಡೆವು. ಮಣ್ಣಿಗೆ ಗೊಬ್ಬರ ಹಾಕಿ ಸರಿಮಾಡಬಹುದು, ತಗ್ಗಿನ ಚಳಿಗೆ ಏನು ಮಾಡೋದು?

ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಜಾಸ್ತಿ. ಆದರೆ ಚಳಿಗಾಲದಲ್ಲಿ ಸೂರ್ಯ ಕೆಳಗಿಂದಲೇ ಹಾದುಹೋಗುವುದರಿಂದ ಎದುರಿನ ಗುಡ್ಡ ಅಡ್ಡ ಬರುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ನೆರಳಿನ ಅಂಚಿಗೆ ಗೂಟ ಹೊಡೆಯುತ್ತ ಹೋಗಿ, ಹೆಚ್ಚು ಹೊತ್ತು ಬಿಸಿಲು ಸಿಗುವಲ್ಲಿ ಮನೆಗೆ ಗುರುತು ಹಾಕಿದೆವು.

ಆಮೇಲಿನದ್ದೆಲ್ಲ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುವ ಕೆಲಸ. ಮೊದಲ ಚಳಿಗಾಲಕ್ಕೆ ಏನೇನು ಸಿದ್ಧ ಇರಬೇಕು, ಅದಕ್ಕೆ ಯಾವಾಗ ಕೈ ಹಾಕಬೇಕು? ಎಲ್ಲಕ್ಕಿಂತ ಮೊದಲು ಬಂದದ್ದು ಸೌದೆ. ಹಸಿ ಮರ ಒಣಗಲು ಕನಿಷ್ಠ ಆರು ತಿಂಗಳು ಬೇಕು, ಗಟ್ಟಿ ಮರವಾದರೆ ವರ್ಷಕ್ಕೂ ಹೆಚ್ಚು. ಹಾಗಾಗಿ ನಾವು ಹೋಗುವ ಮುಂಚೆಯೇ ಸೌದೆ ಸೀಳಿಸಿ, ನೆಲಕ್ಕೆ ತಾಗದಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಬದಿಗಳನ್ನು ಗಾಳಿಗೆ ಬಿಟ್ಟೆವು. ಒಣಗಿದ ತುಂಡಿನ ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ಎರಡನ್ನು ಬಡಿದರೆ ಟಣ್ ಎನ್ನುತ್ತದೆ. ಹಸಿಯದ್ದು ದಪ್ ಎನ್ನುತ್ತದೆ. ಹಸಿ ಸೌದೆ ಉರಿಸಿದರೆ ಹೊಗೆ ಕೊಳವೆಯೊಳಗೆ ಟಾರಿನಂಥ ಅಂಟು ಕೂರುತ್ತದೆ, ಅದಕ್ಕೇ ಬೆಂಕಿ ಹತ್ತಬಹುದು. ಇದರಲ್ಲಿ ಮಾತ್ರ ರಾಜಿ ಬೇಡ.

ನೀರಿನ ಪೈಪನ್ನು ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೂಳಬೇಕು. ಒರತೆ ನಂಬುವುದಾದರೆ ಮಳೆಯೇ ಇಲ್ಲದ ತಿಂಗಳಲ್ಲಿ ಹೋಗಿ ನೋಡಿ.

ಬೆಳೆಗೆ ಸಿಗುವ ಕಾಲವೆಂದರೆ ಕೊನೆಯ ಹಿಮಕ್ಕೂ ಮುಂದಿನ ಮೊದಲ ಹಿಮಕ್ಕೂ ನಡುವಿನ ದಿನಗಳು. ಅದು ಗಿಡ್ಡ. ಆಲೂಗಡ್ಡೆ, ಕೋಸು, ಬಟಾಣಿ, ಬೆಳ್ಳುಳ್ಳಿಯನ್ನೇ ನೆಚ್ಚಿಕೊಂಡೆವು. ಕ್ಯಾರೆಟ್ ಅಂತೂ ಚಳಿ ತಾಕಿದ ಮೇಲೆ ಇನ್ನೂ ಸಿಹಿ. ಟೊಮೆಟೊಗೆ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು.

ಹಸುವನ್ನು ಕೊನೆಗೆ ಇಟ್ಟುಕೊಂಡೆವು. 400 ಕಿಲೋ ತೂಗುವ ಹಸುವಿಗೆ ದಿನಕ್ಕೆ 8ರಿಂದ 10 ಕಿಲೋ ಒಣ ಮೇವು ಬೇಕು. ಹುಲ್ಲು ಸಿಗದ ತಿಂಗಳುಗಳಿಗೆ ಗುಣಿಸಿದರೆ ಕೊಟ್ಟಿಗೆಯ ಅಟ್ಟ ಎಷ್ಟು ದೊಡ್ಡದಿರಬೇಕು ಅಂತ ಗೊತ್ತಾಗುತ್ತದೆ. ಮೊದಲ ವರ್ಷ ಕೋಳಿ ಮಾತ್ರ ಸಾಕಿದೆವು. ಅಟ್ಟ ತುಂಬಿದ ಮೇಲೆಯೇ ಹಸು ತಂದೆವು.