ಮುಟ್ಟಲು ಬಿಡದ ಬೆಕ್ಕಿನ ಶುಶ್ರೂಷೆ

ಹಿತ್ತಲಿಗೆ ಬರುವ ಗಂಡು ಬೆಕ್ಕೊಂದು ಎರಡು ವರ್ಷಗಳಿಂದ ನಾನಿಟ್ಟದ್ದನ್ನು ತಿನ್ನುತ್ತಿದೆ. ಕೈ ಚಾಚಿದರೆ ಮಾತ್ರ ಬುಸುಗುಟ್ಟುತ್ತದೆ. ಒಂದು ಬೆಳಿಗ್ಗೆ ಅದು ತಟ್ಟೆಯ ಮುಂದೆ ಮುದುಡಿ ಕುಳಿತಿತ್ತು. ಒಂದು ಕೆನ್ನೆ ಊದಿತ್ತು. ಮೂರು ರಾತ್ರಿಗಳ ಹಿಂದೆ ಕೇಳಿದ್ದ ಜಗಳದ ಅರಚಾಟ ಆಗ ನೆನಪಾಯಿತು. ಬೆಕ್ಕಿನ ಹಲ್ಲು ಸೂಜಿಯಂತೆ ಇಳಿಯುತ್ತದೆ. ಚರ್ಮದ ತೂತು ಬೇಗ ಮುಚ್ಚಿಕೊಂಡು, ಕೀವು ಒಳಗೇ ಕಟ್ಟುತ್ತದೆ.

ಹಿಂದೊಮ್ಮೆ ಇಂಥದ್ದೇ ಬೆಕ್ಕನ್ನು ಟವೆಲ್ ಹಾಕಿ ಹಿಡಿಯಲು ಹೋಗಿ ಕಚ್ಚಿಸಿಕೊಂಡಿದ್ದೆ. ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತೆ, ರೇಬಿಸ್ ಲಸಿಕೆ ಹಾಕಿಸಿಕೊಂಡೆ. ಬೆಕ್ಕು ಗಾಯದೊಂದಿಗೇ ಓಡಿಹೋಯಿತು. ಅಂದಿನಿಂದ ಬೋನು ಸದಾ ಹಿತ್ತಲಿನಲ್ಲಿರುತ್ತದೆ, ಬಾಗಿಲನ್ನು ಮೇಲಕ್ಕೆ ಕಟ್ಟಿರುತ್ತೇನೆ, ಊಟ ಅದರೊಳಗೇ. ಹೀಗಾಗಿ ಈ ಸಲ ದಾರ ಬಿಚ್ಚಿ, ಬಿಸಿ ಮಾಡಿದ ಮೀನು ಇಟ್ಟರೆ ಸಾಕಾಯಿತು. ಹಸಿವಿಲ್ಲದ ಬೆಕ್ಕನ್ನೂ ಆ ವಾಸನೆ ಎಳೆಯುತ್ತದೆ. ಬಾಗಿಲು ಬಿದ್ದ ಕ್ಷಣವೇ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿದೆ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ.

ವೈದ್ಯರು ಅರಿವಳಿಕೆ ಕೊಟ್ಟು ಕೀವು ತೆಗೆದು ತೊಳೆದರು. ದಿನಕ್ಕೆರಡು ಮಾತ್ರೆ ನುಂಗಿಸುವುದು ನನ್ನಿಂದಾಗದು ಎಂದು ಮೊದಲೇ ಹೇಳಿದ್ದೆ. ಎರಡು ವಾರ ಕೆಲಸ ಮಾಡುವ ಪ್ರತಿಜೀವಕದ ಒಂದೇ ಇಂಜೆಕ್ಷನ್ ಕೊಟ್ಟರು. ಸಂತಾನಹರಣವನ್ನು ಜ್ವರ ಇಳಿದ ಮೇಲೆ ಮಾಡೋಣ ಎಂದರು. ಇದು ಮತ್ತೊಮ್ಮೆ ಬೋನಿಗೆ ಬೀಳುತ್ತದೆಂಬ ಭರವಸೆ ನನಗಿಲ್ಲ ಎಂದೆ. ಮತ್ತೆ ಪರೀಕ್ಷಿಸಿ ಒಪ್ಪಿದರು. ಗಂಡುಗಳ ಕಾದಾಟ ಕಡಿಮೆಯಾಗದೆ ಈ ಕೀವಿನ ಕಥೆ ಮುಗಿಯುವುದಿಲ್ಲ.

ಮನೆಯಲ್ಲಿ ಸ್ನಾನದ ಕೋಣೆಯೇ ಆಸ್ಪತ್ರೆ. ಅಡಗಲು ರಟ್ಟಿನ ಪೆಟ್ಟಿಗೆ, ಮಲಮೂತ್ರದ ತಟ್ಟೆಗೆ ಮರಳಿನ ಬದಲು ಹರಿದ ಪತ್ರಿಕೆ. ಮರಳು ಗಾಯಕ್ಕೆ ಮೆತ್ತಿಕೊಳ್ಳುತ್ತದೆ. ಕೀವು ಇಳಿದುಹೋಗಲೆಂದು ಗಾಯವನ್ನು ಹೊಲಿಯದೆ ಬಿಟ್ಟಿದ್ದರು, ನಾನೂ ಮುಟ್ಟಲಿಲ್ಲ. ನೆರೆಯವರೊಬ್ಬರು ಜ್ವರಕ್ಕೆ ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಕಿ ಎಂದಾಗ ಬೆಚ್ಚಿಬಿದ್ದೆ. ಬೆಕ್ಕಿಗೆ ಅದು ವಿಷ. ಅರ್ಧ ಮಾತ್ರೆಯೂ ಕೊಲ್ಲಬಲ್ಲದು.

ನನ್ನನ್ನು ಹೆದರಿಸಿದ್ದು ಗಾಯವಲ್ಲ, ತುಂಬಿದ ತಟ್ಟೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ. ಮೊದಲ ದಿನ ತಟ್ಟೆ ಇಟ್ಟಂತೆಯೇ ಇತ್ತು. ಎರಡನೆಯ ರಾತ್ರಿ ದೀಪ ಆರಿಸಿ, ಬಾಗಿಲ ಹೊರಗೆ ಕುಳಿತು ಕಿವಿಗೊಟ್ಟೆ. ಬಹಳ ಹೊತ್ತಿನ ಮೇಲೆ ತಟ್ಟೆ ನೆಲಕ್ಕೆ ಉಜ್ಜುವ ಸದ್ದು ಕೇಳಿತು.

ಆರನೆಯ ದಿನ, ವೈದ್ಯರು ಸರಿ ಎಂದ ಮೇಲೆ, ಹಿಡಿದ ಜಾಗದಲ್ಲೇ ಬಿಟ್ಟೆ. ಎರಡು ದಿನ ಸುಳಿವಿರಲಿಲ್ಲ. ಈಗ ಬರುತ್ತದೆ, ಆದರೆ ಬೋನಿನೊಳಗೆ ಕಾಲಿಡುವುದಿಲ್ಲ. ತಟ್ಟೆಯನ್ನು ಹೊರಗಿಟ್ಟು, ದಿನಕ್ಕೊಂದು ಬೆರಳಿನಷ್ಟು ಒಳಕ್ಕೆ ಸರಿಸುತ್ತಿದ್ದೇನೆ.